ಜಾಮೀನು ಮಂಜೂರಾದ ಮೇಲೂ ಜೈಲಿನಲ್ಲೇ ಉಳಿಯುವವರು: ಮುಂಬೈಯಲ್ಲಿ ನಾವು ಕೆಲಸ ಮಾಡುವ ಬಗೆ

ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಸಣ್ಣ ಕಳ್ಳತನದ ಕೇಸಿನಲ್ಲಿ ಸಿಕ್ಕಿಕೊಂಡರೆ ಜಾಮೀನು ಆದೇಶ ಸಿಗುವುದು ಅಷ್ಟು ಕಷ್ಟವಲ್ಲ. ಕಷ್ಟವೆಲ್ಲ ಆಮೇಲಿನದು. ಆದೇಶದಲ್ಲಿ 15,000 ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ ಎಂದಿರುತ್ತದೆ. ಮುಂಬೈ ರೇಷನ್ ಕಾರ್ಡು, ಸಂಬಳದ ಚೀಟಿ ಎರಡೂ ಇರುವ ಪರಿಚಯಸ್ಥ ಅವರಿಗೆ ಸಿಗುವುದೇ ಅಪರೂಪ. ಹೀಗೆ ಆದೇಶ ಬಂದ ಮೇಲೂ ಆರ್ಥರ್ ರೋಡ್, ತಳೋಜ ಜೈಲುಗಳಲ್ಲಿ ಜನ ಉಳಿದುಬಿಡುತ್ತಾರೆ. ನಮ್ಮ ಕೆಲಸದ ಬಹುಪಾಲು ನಡೆಯುವುದು ಈ ಅಂತರದಲ್ಲಿ.

ದಾರಿ ಹೊಸದಲ್ಲ. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೇಲ್ ಪ್ರಾಜೆಕ್ಟ್ ಆರೋಪಿಯ ಮನೆ, ಕುಟುಂಬ, ಉದ್ಯೋಗದ ವಿವರಗಳನ್ನು ಪರಿಶೀಲಿಸಿ ನ್ಯಾಯಾಧೀಶರ ಮುಂದಿಟ್ಟು, ಹಣವಿಲ್ಲದೆಯೂ ಜನರನ್ನು ಬಿಡಬಹುದು, ಅವರು ವಿಚಾರಣೆಗೆ ಬರುತ್ತಾರೆ ಎಂದು ತೋರಿಸಿತು. ಮುಂಬೈಯ ಜೈಲುಗಳಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಕೆಲಸ ಮಾಡುತ್ತಿದೆ.

ಮೊದಲ ಭೇಟಿಯಲ್ಲೇ ಒಂದು ಪುಟದ ಮಾಹಿತಿ ಪತ್ರ ತುಂಬುತ್ತೇವೆ. ಬಸ್ತಿಯ ಹೆಸರೊಂದೇ ಸಾಲದು. ಚಾಳಿನ ಸಂಖ್ಯೆ, ಕೆಲಸಕ್ಕೆ ನಿಲ್ಲುವ ನಾಕಾ, ಮುಕಾದಮನ (ಕೂಲಿಯವರ ಮೇಸ್ತ್ರಿಯ) ಹೆಸರು, ಆ ವಿಳಾಸದಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಯಾರನ್ನು ಸಾಕಬೇಕು, ಹಿಂದಿನ ಕೇಸುಗಳೇನು ಎಂದು ಕೇಳುತ್ತೇವೆ. ಮೂರು ಫೋನ್ ನಂಬರ್ ಬೇಕು. ಒಂದು ಊರಿನಲ್ಲಿರುವ ತಾಯಿಯದೋ ಅಕ್ಕನದೋ ಆಗಿರಲಿ, ನಾಕಾದ ಗೆಳೆಯರ ಸಿಮ್ ಬದಲಾಗುತ್ತಲೇ ಇರುತ್ತದೆ. ಅಪರಾಧದ ಬಗ್ಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅದು ವಕೀಲರಿಗೂ ಕಕ್ಷಿದಾರರಿಗೂ ಬಿಟ್ಟ ಮಾತು. ನಮ್ಮ ಹಾಳೆಯಲ್ಲಿ ಬಂದರೆ ಅವರಿಗೇ ಮುಳುವಾಗಬಹುದು. ಪ್ರತಿ ಸಾಲಿನ ಪಕ್ಕ 'ಪರಿಶೀಲಿಸಿದೆ' ಅಥವಾ 'ಖಚಿತವಾಗಿಲ್ಲ' ಎಂದು ಬರೆಯಲೇಬೇಕು. ಒಂದು ಸಾಲು ಸುಳ್ಳಾದರೆ ಮ್ಯಾಜಿಸ್ಟ್ರೇಟರು ನಮ್ಮ ಮುಂದಿನ ಯಾವ ಹಾಳೆಯನ್ನೂ ನಂಬುವುದಿಲ್ಲ.

ಈ ಹಾಳೆ ಜಾಮೀನು ಅರ್ಜಿಯ ಜೊತೆಗೇ ಹೋಗಬೇಕು. ಆದೇಶವಾದ ಮೇಲೆ ಷರತ್ತು ಸಡಿಲಿಸಲು ಮತ್ತೊಂದು ಅರ್ಜಿ, ಮತ್ತೊಂದು ತಾರೀಖು. ಅರ್ಜಿಯಲ್ಲೇ ಎರಡು ಬೇಡಿಕೆ ಸೇರಿಸಿ: ಜಾಮೀನುದಾರನನ್ನು ತರಲು ಕೆಲವು ವಾರಗಳ ಸಮಯ ಮತ್ತು ಅಲ್ಲಿಯವರೆಗೆ ನಗದು ಠೇವಣಿ, ಊರಿನ ಜಾಮೀನುದಾರನಿಗೆ ಒಪ್ಪಿಗೆ. ಬೇರೆ ಜಿಲ್ಲೆಯವನೆಂದು ಜಾಮೀನುದಾರನನ್ನು ತಿರಸ್ಕರಿಸುವುದು ತಪ್ಪೆಂದು ಸುಪ್ರೀಂ ಕೋರ್ಟ್ 1978ರ ಮೋತಿರಾಮ್ ಪ್ರಕರಣದಲ್ಲೇ ಹೇಳಿದೆ. ಆ ಆರೋಪಿಯೂ ಗಾರೆ ಕೆಲಸದವನೇ.

ಊರಿನ ಜಾಮೀನುದಾರ ಬರುವಾಗ ಆಧಾರ್, ಫೋಟೋ, ಭೂಮಿ ತಂತ್ರಾಂಶದಿಂದ ತೆಗೆದ ಹೊಸ ಪಹಣಿ, ಅದರ ಮರಾಠಿ ಅಥವಾ ಇಂಗ್ಲಿಷ್ ಅನುವಾದ ತರಬೇಕು. ಈ ಹಿಂದೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬ ಘೋಷಣೆಯೂ ಬೇಕು. ಅಡ್ಡಿ ಬರುವುದು ಹೆಚ್ಚಾಗಿ ಎರಡು ಕಡೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಇವರ ಪಾಲೆಷ್ಟೆಂಬ ಪ್ರಶ್ನೆ ಏಳುತ್ತದೆ. ಇನ್ನೊಂದು, ಆಧಾರಿನ ಹಣಮಂತ ಎಫ್‌ಐಆರ್‌ನಲ್ಲಿ ಹನುಮಂತನಾಗಿರುತ್ತಾನೆ. ಇಬ್ಬರೂ ಒಬ್ಬನೇ ಎಂಬ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ಕೋರ್ಟಿನ ಸುತ್ತ ತಿರುಗುವ ಜಾಮೀನು ದಲ್ಲಾಳಿಗಳ ಹತ್ತಿರ ಹೋಗಲೇಬೇಡಿ. ನಕಲಿ ರೇಷನ್ ಕಾರ್ಡು ಬಯಲಾದರೆ ಕುಟುಂಬದ ಮೇಲೆ ಹೊಸ ಕೇಸು ಬೀಳುತ್ತದೆ.

ದಿನಗಳ ಲೆಕ್ಕ ಗೋಡೆಯ ಮೇಲಿರಲಿ. ಜಾಮೀನು ನೀಡಬಹುದಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಆರೋಪಿಯನ್ನು ಬಡವನೆಂದೇ ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು. ಆದೇಶವಾಗಿ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳೊಳಗೆ ಬಾಂಡ್ ಒದಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಮರುಪರಿಶೀಲಿಸಬಹುದು. ಈ ಕೊನೆಯ ಎರಡು ಸುಪ್ರೀಂ ಕೋರ್ಟಿನ 2023ರ ಜನವರಿ 31ರ ನಿರ್ದೇಶನಗಳು. ದೋಷಾರೋಪ ಪಟ್ಟಿಗೆ ಕೇಸಿಗೆ ತಕ್ಕಂತೆ 60 ಅಥವಾ 90 ದಿನದ ಗಡುವಿದೆ. ರಿಮಾಂಡಿನ ಮೊದಲ ದಿನವನ್ನೂ ಸೇರಿಸಿ ಎಣಿಸಿ, ಅಷ್ಟರಲ್ಲಿ ಪಟ್ಟಿ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು, ಗಡುವು ಮೀರಿದ ಕೂಡಲೇ ಅದಕ್ಕೆ ಅರ್ಜಿ ಹಾಕಿ. ಪಟ್ಟಿ ಮೊದಲು ಸಲ್ಲಿಕೆಯಾದರೆ ಆ ಹಕ್ಕು ಹೋಯಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡುಗಡೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೂ ಇದು ಸಿಗುವುದಿಲ್ಲ, ಹಾಗಾಗಿ ಹಳೆಯ ಕೇಸುಗಳ ಸ್ಥಿತಿಯನ್ನು ಮೊದಲು ನೋಡಬೇಕು.

ಹೊರಬಂದವರು ತಾರೀಖು ತಪ್ಪಿಸುವುದು ಹೆಚ್ಚಾಗಿ ಓಡಿಹೋಗುವ ಉದ್ದೇಶದಿಂದಲ್ಲ. ತಾರೀಖು ಗೊತ್ತಿರುವುದಿಲ್ಲ, ಇಲ್ಲವೇ ಬಿತ್ತನೆಗೆ ಊರಿಗೆ ಹೋಗಿರುತ್ತಾರೆ. ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ ಬರೀ ಮೊಬೈಲ್ ಸಂದೇಶಗಳಿಂದಲೇ ಗೈರುಹಾಜರಿ ಸುಮಾರು ಐದನೇ ಒಂದು ಭಾಗ ಇಳಿಯಿತು. ಇಲ್ಲಿ ಓದು ಬಾರದವರೇ ಹೆಚ್ಚು, ಆದ್ದರಿಂದ ಕನ್ನಡದಲ್ಲಿ ಧ್ವನಿ ಸಂದೇಶ ಕಳಿಸುತ್ತೇವೆ: ಮೂರು ದಿನ ಮೊದಲು ಒಮ್ಮೆ, ಹಿಂದಿನ ಸಂಜೆ ಒಮ್ಮೆ. ಕುರ್ಲಾ ಕೋರ್ಟೋ ದಿಂಡೋಶಿಯೋ, ಎಷ್ಟನೇ ಮಹಡಿ, ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು ಎಲ್ಲವೂ ಅದರಲ್ಲಿರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸನ್ನು ಗುರುತಿಸುವ 16 ಅಕ್ಷರದ ಸಿಎನ್‌ಆರ್ ಹಾಕಿ ತಾರೀಖನ್ನು ಅದೇ ವಾರ ಮತ್ತೆ ನೋಡಿ. ವಾರಂಟ್ ಹೊರಟಿದ್ದರೆ ಬಚ್ಚಿಟ್ಟುಕೊಳ್ಳದೆ ವಕೀಲರ ಜೊತೆ ಹೋಗಿ ರದ್ದತಿಗೆ ಅರ್ಜಿ ಹಾಕಬೇಕು. ಪೊಲೀಸ್ ಠಾಣೆಗೆ ವಾರಕ್ಕೊಮ್ಮೆ ಹಾಜರಿ ಎಂಬ ಷರತ್ತಿದ್ದರೆ ಭಾನುವಾರ ಕೇಳಿ. ದಿನಗೂಲಿಯವರಿಗೆ ಒಂದು ದಿನದ ಸಂಬಳವೆಂದರೆ ಮನೆಯ ಊಟ.

ನಗದು ಠೇವಣಿಯ ರಸೀದಿಯನ್ನು ಕಟ್ಟಿದವರ ಹೆಸರಿನಲ್ಲೇ ಮಾಡಿಸಿ, ಮೂಲಪ್ರತಿ ಅವರಲ್ಲೇ ಇರಲಿ. ಕೇಸು ಮುಗಿದ ಮೇಲೆ ಹಣ ತಾನಾಗಿ ವಾಪಸು ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಕೊಡಬೇಕು.