ಮಳೆಗಾಲಕ್ಕೆ ಮೊದಲು ಮುಂಬಯಿಯ ಮನೆಯಲ್ಲಿ ಆಗಬೇಕಾದ ಸಿದ್ಧತೆ

ಕರಾವಳಿಯ ನಮ್ಮ ಊರುಗಳಲ್ಲಿ ಆಷಾಢದ ಮಳೆ ಹಿಡಿಯುವುದಕ್ಕೆ ಮೊದಲೇ ಒಣಗಿದ ಕಟ್ಟಿಗೆ ಕೊಟ್ಟಿಗೆ ಸೇರಿರುತ್ತಿತ್ತು. ಕುಚ್ಚಲಕ್ಕಿ, ಹುರುಳಿ, ಹಲಸಿನ ಹಪ್ಪಳ, ಉಪ್ಪುಸೊಳೆ, ಮಾವಿನ ಮಿಡಿ ಎಲ್ಲವೂ ಅಟ್ಟದಲ್ಲಿ ಭದ್ರವಾಗಿರುತ್ತಿದ್ದವು. ಅಂಗಳ ದಾಟಲಾಗದ ದಿನಗಳು ಬಂದೇ ಬರುತ್ತವೆ ಎಂಬ ಲೆಕ್ಕದಲ್ಲಿಯೇ ಮನೆ ನಡೆಯುತ್ತಿತ್ತು. ಮುಂಬಯಿಗೆ ಬಂದು ನೆಲೆಸಿದ ನಾವು, ಕಟ್ಟಡದ ಕೆಳಗೇ ಕಿರಾಣಿ ಅಂಗಡಿ ಇದೆ, ಫೋನಿನಲ್ಲಿ ಹೇಳಿದರೆ ಸಾಮಾನು ಬಾಗಿಲಿಗೆ ಬರುತ್ತದೆ ಎಂಬ ಧೈರ್ಯದಲ್ಲಿ ಆ ಪದ್ಧತಿಯನ್ನು ಬಿಟ್ಟಿದ್ದೇವೆ. ಅದನ್ನು ಫ್ಲ್ಯಾಟಿನ ಅಳತೆಗೆ ಇಳಿಸಿಕೊಂಡು ಮತ್ತೆ ರೂಢಿಗೆ ತರಬೇಕು ಎಂಬುದು, ಇಷ್ಟು ವರ್ಷ ಈ ಊರಿನಲ್ಲಿ ಸಂಸಾರ ನಡೆಸಿದವಳಾಗಿ ನಾನು ಸೊಸೆಯಂದಿರಿಗೂ ಹೊಸದಾಗಿ ಮನೆ ಹೂಡುವ ಮಕ್ಕಳಿಗೂ ಹೇಳಬಯಸುವ ಮಾತು.

2005ರ ಜುಲೈ 26ರಂದು ಮುಂಬಯಿಯ ಉಪನಗರವಾದ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿನಲ್ಲಿ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದ ಮಳೆ ಅದರ ಹತ್ತನೆಯ ಒಂದು ಪಾಲೂ ಇರಲಿಲ್ಲ. ಆದ್ದರಿಂದ ನಿಮ್ಮ ಕಿಟಕಿಯಿಂದ ಕಾಣುವ ಆಕಾಶವನ್ನು ನೋಡಿ, ಊರಿನ ಇನ್ನೊಂದು ತುದಿಯಲ್ಲಿ ಕೆಲಸಕ್ಕೆ ಹೋದವರು ಕ್ಷೇಮವಾಗಿ ಮರಳುತ್ತಾರೆಂದು ನಂಬಬಾರದು. ಮಳೆಯ ಜೊತೆಗೆ ಸಮುದ್ರದ ಭರತದ, ಅಂದರೆ ಉಬ್ಬರದ, ವೇಳೆಯನ್ನೂ ಗಮನಿಸಬೇಕು. ಸಮುದ್ರದ ಮಟ್ಟ ಏರಿದಾಗ ಊರಿನ ನಾಲೆಗಳ ನೀರು ಹೊರಗೆ ಹರಿಯಲಾರದೆ ನಿಂತುಬಿಡುತ್ತದೆ. ಆಗಲೇ ಜೋರಾದ ಮಳೆಯೂ ಕೂಡಿದರೆ ಹಿಂದ್‌ಮಾತಾ, ಸಾಯನ್, ಕುರ್ಲಾದಂತಹ ತಗ್ಗು ಪ್ರದೇಶಗಳು ಬೇಗ ಮುಳುಗುತ್ತವೆ. ನಾಲ್ಕೂವರೆ ಮೀಟರ್ ಮೀರಿದ ಭರತ ಯಾವ ದಿನ, ಯಾವ ಗಂಟೆಗೆ ಬರುತ್ತದೆ ಎಂಬ ಪಟ್ಟಿಯನ್ನು ಮಹಾನಗರಪಾಲಿಕೆ ಮಳೆಗಾಲಕ್ಕೆ ಮೊದಲೇ ಪ್ರಕಟಿಸುತ್ತದೆ. ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಜೊತೆಯಲ್ಲಿಯೇ ಕೆಂಪು ಶಾಯಿಯಿಂದ ಗುರುತಿಸಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಕುಡಿಯುವ ನೀರು. ಹೊರಗೆ ಎದೆಮಟ್ಟದ ನೀರಿದ್ದರೂ ನಲ್ಲಿಯಲ್ಲಿ ಹನಿ ಇಲ್ಲದ ಸ್ಥಿತಿ ಬರಬಹುದು, ಏಕೆಂದರೆ ನಮ್ಮ ಕಟ್ಟಡಗಳಲ್ಲಿ ನೀರು ನೆಲದಡಿಯ ಟಾಕಿಯಿಂದ ಪಂಪಿನ ಮೂಲಕ ಮೇಲೇರಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ರಸ್ತೆಯ ಕೊಳಚೆ ಆ ಟಾಕಿಗೆ ಇಳಿದರೆ ಇದ್ದ ನೀರೂ ಕೆಡುತ್ತದೆ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿದರೆ ನಾಲ್ವರ ಮನೆಗೆ ಮೂರು ದಿನಕ್ಕೆ 60 ಲೀಟರ್ ಬೇಕು. ಇದನ್ನು ಒಂದೇ ದೊಡ್ಡ ಡ್ರಮ್ಮಿನಲ್ಲಿ ಇಡುವುದಕ್ಕಿಂತ ಮುಚ್ಚಳವಿರುವ ಹತ್ತು ಲೀಟರಿನ ಕ್ಯಾನುಗಳಲ್ಲಿ ಇಡುವುದು ಒಳ್ಳೆಯದು. ವಯಸ್ಸಾದವರೂ ಎತ್ತಬಹುದು, ಒಂದು ಕೆಟ್ಟರೆ ಉಳಿದವು ಉಳಿಯುತ್ತವೆ. ಬಚ್ಚಲಿಗೆ, ಪಾಯಖಾನೆಗೆ ಬೇರೆ ನೀರನ್ನು ತುಂಬಿಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಸಂಗ್ರಹದ ನೀರಿನಲ್ಲಿಯೇ ಆದ್ದರಿಂದ ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿ, ಒಳಗಿನ ಅಂಚನ್ನು ಗುಂಜಿನಿಂದ ತಿಕ್ಕಿ ತೊಳೆದು, ಒಣಗಿಸಿ ಮತ್ತೆ ತುಂಬಬೇಕು. ಬರಿದೇ ನೀರು ಚೆಲ್ಲಿದರೆ ಸಾಲದು, ಅಂಚಿಗೆ ಅಂಟಿದ ಮೊಟ್ಟೆಗಳು ಅಲ್ಲಿಯೇ ಇರುತ್ತವೆ. ಚೆಲ್ಲುವ ನೀರು ನೆಲ ಒರೆಸಲು, ಗಿಡಗಳಿಗೆ ಆಗುತ್ತದೆ.

ನೀರು ಶುದ್ಧ ಮಾಡಲು ಗೋಡೆಗೆ ತೂಗುಹಾಕಿದ ಆರ್‌ಒ ಯಂತ್ರ ಕರೆಂಟಿಲ್ಲದೆ ಕೆಲಸ ಮಾಡುವುದಿಲ್ಲ ಎಂಬುದನ್ನು ಬಹಳಷ್ಟು ಮನೆಗಳಲ್ಲಿ ನೆನಪಿಡುವುದಿಲ್ಲ. ಕಲಕಿದ ನೀರು ಬಂದರೆ ಅದನ್ನು ಮೊದಲು ಒಂದೆರಡು ಗಂಟೆ ಅಲುಗಾಡಿಸದೆ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಹಾಗೆಯೇ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಬೇಕು. ಉರುವಲು ಉಳಿಸಬೇಕಾದಾಗ ಕ್ಲೋರಿನ್ ಮಾತ್ರೆ ನೆರವಾಗುತ್ತದೆ. ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಹಾಕಿ, ಅರ್ಧ ಗಂಟೆ ಕಾದು ಕುಡಿಯಿರಿ.

ಆಹಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಆಪತ್ತಿಗೆಂದು ಬೇರೆಯೇ ಡಬ್ಬಿ ತಂದಿಟ್ಟು ಮರೆತರೆ ಅದು ಮುಗ್ಗಲು ಹಿಡಿಯುತ್ತದೆ. ದಿನವೂ ಉಣ್ಣುವ ಸಾಮಾನನ್ನೇ ಎರಡು ವಾರಕ್ಕಾಗುವಷ್ಟು ಹೆಚ್ಚಿಗೆ ಇಟ್ಟುಕೊಂಡು, ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇರಿಸಿ ಬಳಸುತ್ತ ಬಂದರೆ ದಾಸ್ತಾನು ಸದಾ ಹೊಸದಾಗಿರುತ್ತದೆ. ಒಲೆಯಿಲ್ಲದೆ ತಿನ್ನಬಹುದಾದವು ಮೊದಲ ಸಾಲಿನಲ್ಲಿರಲಿ: ತೆಳು ಅವಲಕ್ಕಿ, ಹುರಿಗಡಲೆ, ಶೇಂಗಾ, ಬೆಲ್ಲ, ಖರ್ಜೂರ, ಚಟ್ನಿಪುಡಿ. ಅಕ್ಕಿ ಗೋಧಿಗಳನ್ನು ಹುರಿದು ಬೀಸಿದ ಹುರಿಹಿಟ್ಟಿಗೆ ಬೆಲ್ಲ ಮತ್ತು ಬಿಸಿ ನೀರು ಸೇರಿಸಿದರೆ ಮಗುವಿಗೂ ಮುದುಕರಿಗೂ ಹೊಟ್ಟೆ ತುಂಬುತ್ತದೆ. ಉತ್ತರ ಕರ್ನಾಟಕದ ನೆರೆಯವರು ಮನೆಯಲ್ಲಿ ಅಡುಕಿಡುವ ಜೋಳದ ಖಡಕ್ ರೊಟ್ಟಿಯನ್ನು ನಾನು ಇದಕ್ಕೆಲ್ಲ ಮೇಲೆಂದು ಎಣಿಸುತ್ತೇನೆ. ಗಾಳಿಯಾಡದ ಡಬ್ಬಿಯಲ್ಲಿ ಅದು ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಚಟ್ನಿ ಮತ್ತು ಮೊಸರಿದ್ದರೆ ಅದೇ ಒಂದು ಊಟ.

ಮುಂಬಯಿಯ ತೇವಕ್ಕೆ ಧಾನ್ಯ ಬೇಗ ಹುಳು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಬೇಳೆಕಾಳುಗಳನ್ನು ತೆಳುವಾಗಿ ಹರಡಿ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಬೂಸು ಬರುತ್ತದೆ. ಒಂದು ಕಿಲೋ ತೊಗರಿಬೇಳೆಗೆ ಒಂದು ಚಮಚ ಹರಳೆಣ್ಣೆ ಹಾಕಿ ಅಂಗೈಯಿಂದ ಮೃದುವಾಗಿ ಉಜ್ಜಿದರೆ ಪ್ರತಿ ಕಾಳಿಗೂ ಎಣ್ಣೆಯ ಹೊಳಪು ಬರುತ್ತದೆ, ಹುಳು ಅದರ ಹತ್ತಿರ ಸುಳಿಯುವುದಿಲ್ಲ. ಬೇಯಿಸುವ ಮೊದಲು ಬಿಸಿ ನೀರಿನಲ್ಲಿ ತೊಳೆದರೆ ಸಾಕು. ರವೆಯನ್ನು ಘಮ ಬರುವ ತನಕ ಹುರಿದಿಡಿ. ಅಕ್ಕಿಗೆ ಒಣಗಿದ ಬೇವಿನೆಲೆ ಸಾಲುತ್ತದೆ. ಧಾನ್ಯದ ಗೋದಾಮುಗಳಲ್ಲಿ ಬಳಸುವ ವಿಷದ ಮಾತ್ರೆಯನ್ನು ಮಾತ್ರ ಯಾರು ಎಷ್ಟೇ ಹೇಳಿದರೂ ಮನೆಯೊಳಗೆ ತರಬೇಡಿ. ಅದರಿಂದ ಹೊರಡುವ ಅನಿಲ ಮಲಗಿದ್ದವರ ಪ್ರಾಣವನ್ನೇ ತೆಗೆಯಬಲ್ಲದು.

ಉರುವಲನ್ನು ಉಳಿಸುವ ಹಳೆಯ ಉಪಾಯ ಒಂದುಂಟು. ನೆನೆಸಿದ ಅಕ್ಕಿಯನ್ನು ಭಾರವಾದ ಪಾತ್ರೆಯಲ್ಲಿ ಐದಾರು ನಿಮಿಷ ಚೆನ್ನಾಗಿ ಕುದಿಸಿ, ಬಿಗಿಯಾಗಿ ಮುಚ್ಚಿ, ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಒಂದು ಗಂಟೆ ಇಟ್ಟರೆ ತನ್ನ ಶಾಖದಲ್ಲಿಯೇ ಅನ್ನವಾಗುತ್ತದೆ. ಕುಚ್ಚಲಕ್ಕಿಗೆ ಇದು ಸಾಲದು, ಬೆಳ್ತಿಗೆ ಅಕ್ಕಿಗೆ ಸರಿ. ಇಂಡಕ್ಷನ್ ಒಲೆಯನ್ನೇ ನಂಬಿದವರು ಚಿಕ್ಕ ಸಿಲಿಂಡರನ್ನಾದರೂ ಇಟ್ಟುಕೊಳ್ಳಬೇಕು. ಬೆಂಕಿಪೆಟ್ಟಿಗೆಯನ್ನು ನಾಲ್ಕು ಕಾಳು ಅಕ್ಕಿಯೊಂದಿಗೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟರೆ ಮಳೆಗಾಲವಿಡೀ ಕಡ್ಡಿ ಗೀರಿದೊಡನೆ ಹೊತ್ತುತ್ತದೆ.

ಸೊಪ್ಪು ತರಕಾರಿ ಈ ಊರಿಗೆ ಬರುವುದು ನಾಸಿಕ್, ಪುಣೆಯ ಕಡೆಯಿಂದ ವಾಶಿಯ ಮಾರುಕಟ್ಟೆಯ ದಾರಿಯಲ್ಲಿ. ಘಟ್ಟದಲ್ಲಿ ಗುಡ್ಡ ಕುಸಿದರೆ ಬೆಲೆ ಏರುತ್ತದೆ, ಸಾಮಾನು ಬರುವುದೇ ನಿಲ್ಲುತ್ತದೆ. ಬಾಲ್ಕನಿಯ ಕುಂಡದಲ್ಲಿ ಬಸಳೆಯ ಒಂದು ದಂಟನ್ನು ಊರಿದರೆ ಅದು ಗ್ರಿಲ್ಲಿಗೆ ಹಬ್ಬಿಕೊಂಡು ಮನೆಗೆ ಬೇಕಾದಷ್ಟು ಸೊಪ್ಪು ಕೊಡುತ್ತದೆ. ದೊಡ್ಡಪತ್ರೆ, ಒಂದೆಲಗಗಳಿಗೂ ಹೆಚ್ಚು ಬಿಸಿಲು ಬೇಡ. ಕುಂಡವೂ ಇಲ್ಲದ ಮನೆಯಲ್ಲಿ ಹೆಸರುಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿದರೆ ಎರಡು ದಿನದಲ್ಲಿ ಮೊಳಕೆ ಸಿಗುತ್ತದೆ. ನೀರಿನ ಬಗ್ಗೆ ಸಂಶಯವಿದ್ದರೆ ಅದನ್ನು ಬೇಯಿಸಿಯೇ ತಿನ್ನಿ.

2020ರ ಅಕ್ಟೋಬರ್ 12ರಂದು ಬೆಳಗಿನ ಹೊತ್ತು ನಗರದ ಬಹುಪಾಲು ಕಡೆ ಕರೆಂಟು ಹೋಗಿ ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಇಂತಹ ದಿನ ಫೋನಿನಿಂದ ಹಣ ಕೊಡುವ ವ್ಯವಸ್ಥೆಯೂ ಕೈಕೊಡಬಹುದು. ಹತ್ತು, ಐವತ್ತು, ನೂರರ ನೋಟುಗಳಲ್ಲಿ ಒಂದು ವಾರದ ಖರ್ಚಿನಷ್ಟು ಹಣ ಮನೆಯಲ್ಲಿರಲಿ. ಬೆಳಕಿಗೆ ಮೇಣದಬತ್ತಿಗಿಂತ ಬ್ಯಾಟರಿಯ ಟಾರ್ಚ್ ಕ್ಷೇಮ. ನೀರು ತುಂಬಿದ ಪಾರದರ್ಶಕ ಬಾಟಲಿಗೆ ಎರಡು ಹನಿ ಹಾಲು ಬೆರೆಸಿ ಟಾರ್ಚಿನ ಮೇಲೆ ನಿಲ್ಲಿಸಿದರೆ ಬೆಳಕು ಕೋಣೆಯೆಲ್ಲ ಹರಡುತ್ತದೆ. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಔಷಧಗಳು ಎರಡು ವಾರಕ್ಕಾಗುವಷ್ಟು ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ಜಿಲ್ಲದೆ ಅದನ್ನು ಎಷ್ಟು ದಿನ ಇಡಬಹುದೆಂದು ವೈದ್ಯರಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ವಾಂತಿಭೇದಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಅಳತೆಯನ್ನು ಮನೆಯಲ್ಲಿ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಮನೆಯ ಕರಾರುಪತ್ರ, ಸೊಸೈಟಿಯ ಷೇರು ಪತ್ರ, ರೇಷನ್ ಕಾರ್ಡ್, ಆಧಾರ್ ಮುಂತಾದವುಗಳನ್ನು ನೀರು ಹೋಗದ ಚೀಲದಲ್ಲಿ ಹಾಕಿ ಎತ್ತರದಲ್ಲಿಡಿ. ಮಕ್ಕಳ ಶಾಲೆಯ ಹತ್ತಿರ ವಾಸಿಸುವ ಪರಿಚಿತರೊಬ್ಬರು ಅಗತ್ಯ ಬಿದ್ದರೆ ಮಕ್ಕಳನ್ನು ಕರೆದೊಯ್ಯಬಹುದೆಂದು ಶಾಲೆಯಲ್ಲಿ ಬರೆದುಕೊಟ್ಟಿರಿ. 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರದ ಆಚೆ ನೆರೆಯ ನಡುವೆ ಸಿಲುಕಿ ನೂರಾರು ಜನ ಗಂಟೆಗಟ್ಟಲೆ ಬೋಗಿಗಳಲ್ಲಿಯೇ ಉಳಿಯಬೇಕಾಯಿತು. ಡೊಂಬಿವಲಿ, ಕಲ್ಯಾಣದ ಕಡೆಯಿಂದ ದಿನವೂ ಓಡಾಡುವವರನ್ನು, ಚೀಲದಲ್ಲಿ ನೀರು, ಶೇಂಗಾ ಚಿಕ್ಕಿ, ಆ ದಿನದ ಔಷಧ ಇಲ್ಲದೆ ಮಳೆಗಾಲದಲ್ಲಿ ಮನೆಯಿಂದ ಕಳುಹಿಸಬೇಡಿ. ಸಿಲುಕಿದ ಕಡೆಯಲ್ಲಿಯೇ ಉಳಿದುಕೊಳ್ಳಲು ಹೇಳಿ. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಹೆಸರಾಂತ ವೈದ್ಯರೊಬ್ಬರು ಮನೆಗೆ ನಡೆದು ಹೋಗುವಾಗ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ನೀರಿನ ಮೇಲ್ಮೈಯಿಂದ ಅದು ಕಾಣುವುದಿಲ್ಲ. ನಡೆಯಲೇಬೇಕಾದರೆ ಕೊಡೆಯ ತುದಿಯಿಂದ ನೆಲವನ್ನು ತಡವಿಕೊಂಡೇ ಹೆಜ್ಜೆ ಇಡಬೇಕು. ನೀರು ಏರುತ್ತಿರುವಾಗ ಕಾರಿನಲ್ಲಿ ಕುಳಿತಿರಬಾರದು. ಪಾಲಿಕೆಯ 1916, ತುರ್ತು ಸೇವೆಯ 112, ಆಂಬುಲೆನ್ಸಿನ 108 ಈ ಸಂಖ್ಯೆಗಳನ್ನು ಬಾಗಿಲ ಹಿಂದೆ ಬರೆದು ಅಂಟಿಸಿ.

ಕಟ್ಟಡದ ನೆಲಮಟ್ಟದ ಮನೆಯಲ್ಲಿಯೋ ಚಾಳಿನ ಕೆಳ ಸಾಲಿನಲ್ಲಿಯೋ ಇರುವವರು, ನೀರು ಹೊಸ್ತಿಲಿಗೆ ಬರುವ ಮೊದಲೇ ಮೈನ್ ಸ್ವಿಚ್ಚನ್ನು ಒಣ ಕೈಯಿಂದ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಬೇಕು, ಇಲ್ಲವಾದರೆ ಅದು ತೇಲಿ ಪೈಪನ್ನು ಕೀಳುತ್ತದೆ. ಒಂಟಿಯಾಗಿರುವ ಹಿರಿಯರ ಹೆಸರು, ಮನೆ ಸಂಖ್ಯೆಗಳ ಪಟ್ಟಿಯನ್ನು ಸೊಸೈಟಿಯ ಕಾವಲುಗಾರರ ಬಳಿ ಇಟ್ಟು, ಲಿಫ್ಟ್ ನಿಂತಾಗ ಅವರಿಗೆ ನೀರು ಹೊತ್ತು ಕೊಡುವವರು ಯಾರೆಂದು ಜೂನ್ ತಿಂಗಳಿಗೆ ಮೊದಲೇ ನಿಶ್ಚಯಿಸಿಕೊಳ್ಳಿ.

ನೀರು ಇಳಿದ ಮೇಲೆ ಅದು ಸೋಕಿದ ಅಕ್ಕಿ, ಹಿಟ್ಟು, ತರಕಾರಿ ಏನೇ ಇರಲಿ, ಕಳೆಯಲೇಬೇಕು. ಒಣಗಿಸಿ ಬಳಸೋಣವೆಂದು ಮನಸ್ಸು ಎಳೆಯುತ್ತದೆ, ಆದರೆ ಅದರಲ್ಲಿ ಬೆರೆತಿರುವುದು ಗಟಾರದ ನೀರು. ಇಲಿಗಳ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ 2005ರ ನೆರೆಯ ನಂತರ ಈ ಊರಿನಲ್ಲಿ ಬಹಳ ಜನರನ್ನು ಬಾಧಿಸಿತು. ಕೊಳಚೆಯಲ್ಲಿ ನಡೆದು ಬಂದವರು ಸಾಬೂನಿನಿಂದ ಕಾಲು ತೊಳೆದು, ಗಾಯವಿದ್ದರೆ ಮೂರು ದಿನದೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಕೇಳಬೇಕು. ಟಾಕಿಯನ್ನು ತೊಳೆಸುವ ತನಕ ಅದರ ನೀರನ್ನು ಬಾಯಿಗೆ ತರಬೇಡಿ. ಫ್ರಿಜ್ಜು, ಮಿಕ್ಸರ್, ಬಟ್ಟೆ ಒಗೆಯುವ ಯಂತ್ರಗಳನ್ನು ಇಲೆಕ್ಟ್ರಿಷಿಯನ್ ಬಂದು ನೋಡಿ ಸರಿಯಿದೆಯೆಂದು ಹೇಳಿದ ಮೇಲೆಯೇ ಚಾಲು ಮಾಡಿ.