ಎಲ್200 ಪಿಕಪ್‌ನ ಮುಂದಿನ ಆಕ್ಸಲ್ ಬಿಚ್ಚದೆ ಫೋರ್ ವೀಲ್ ಸರಿಪಡಿಸಿದ್ದು: ನನ್ನ ಅನುಭವ

ಲಿವರ್ 4ಎಚ್‌ಗೆ (ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗಬೇಕಾದ ಸ್ಥಾನಕ್ಕೆ) ಸಲೀಸಾಗಿ ಬಂದರೂ ಡ್ಯಾಶ್‌ಬೋರ್ಡಿನಲ್ಲಿ ಮುಂದಿನ ಎರಡು ಚಕ್ರಗಳ ದೀಪ ಮಿನುಗುತ್ತಲೇ ಇರುವ, ಎಂದರೆ ಮುಂದಿನ ಚಕ್ರಗಳು ಕೂಡದೇ ಉಳಿಯುವ ತೊಂದರೆಯು, ಒಮಾನಿನಲ್ಲಿ ಮಿತ್ಸುಬಿಷಿ ಎಲ್200 ಪಿಕಪ್‌ಗಳ ಕೆಲಸ ಮಾಡುವ ನಮ್ಮ ಕರಾವಳಿಯ ಮೆಕ್ಯಾನಿಕರಿಗೆ ಹೊಸದಲ್ಲ. ಇದಕ್ಕೆ ಮೊದಲು ಸ್ವಿಚ್ ಬದಲಿಸುವುದು, ದೀಪ ನಿಲ್ಲದಿದ್ದರೆ ಗುಜರಿಯಿಂದ ಇಡೀ ಮುಂದಿನ ಆಕ್ಸಲ್ ತಂದು ಕೂರಿಸುವುದು ಇಲ್ಲಿಯ ವಾಡಿಕೆ. ನಿಜ್ವಾದ ನಮ್ಮ ಗ್ಯಾರೇಜಿನಲ್ಲಿ ಆಕ್ಸಲ್ ಬಿಚ್ಚದೆಯೇ ನಾನು ಇದನ್ನು ಸರಿಪಡಿಸಿದ್ದೇನೆ. ಹಾಗೆಲ್ಲ ಆಗುವುದಿಲ್ಲ ಎಂದವರೇ ಈಗ ಅಂಥ ಗಾಡಿಗಳನ್ನು ನನ್ನ ಬಳಿಗೆ ಕಳುಹಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಗಾಡಿ ಜಬಲ್ ಅಖ್ದರ್ ಬೆಟ್ಟದ ದಾಳಿಂಬೆ ತೋಟದ ಮಾಲೀಕರೊಬ್ಬರದು, 2.4 ಲೀಟರ್ ಪೆಟ್ರೋಲ್ ಇಂಜಿನ್ನಿನದು. ಬೆಟ್ಟದ ಬುಡದಲ್ಲಿರುವ ಬಿರ್ಕತ್ ಅಲ್ ಮೌಜ್‌ನ ಪೊಲೀಸ್ ತಪಾಸಣೆಯಲ್ಲಿ ಫೋರ್ ವೀಲ್ ಗಾಡಿಗಳನ್ನು ಮಾತ್ರ ಮೇಲಕ್ಕೆ ಬಿಡುತ್ತಾರೆ. ಆದರೆ ಅದು ನಿಜವಾಗಿಯೂ ಕೂಡುತ್ತಿದೆಯೇ ಎಂಬುದು ಮಾಲೀಕರೇ ನೋಡಿಕೊಳ್ಳಬೇಕಾದ ವಿಷಯ. ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಕೂಡಿ, ಮುಂದಿನ ಚಕ್ರಗಳನ್ನು ಅದಕ್ಕೆ ಜೋಡಿಸುವ ಆಕ್ಸಲಿನ ಕ್ಲಚ್ ಕೂಡದಿದ್ದರೆ 4ಎಲ್‌ನಲ್ಲಿ (ನಿಧಾನದ ಫೋರ್ ವೀಲ್ ಸ್ಥಾನದಲ್ಲಿ) ಗಾಡಿ ನಿಧಾನವಾಗಿ ಹೋಗುತ್ತದೆಯೇ ಹೊರತು ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೇ ಹೋಗುತ್ತದೆ. ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತವೂ ಹಿಂದಕ್ಕೆ ಮಾತ್ರ ಸಿಗುವುದರಿಂದ, ದಾಳಿಂಬೆ ತುಂಬಿಕೊಂಡು ಇಳಿಯುವವರಿಗೆ ಇದು ಪ್ರಾಣದ ಪ್ರಶ್ನೆ. ಸ್ವಿಚ್ಚುಗಳಿಗೂ ವೈರಿಂಗಿಗೂ ಅವರು ಆಗಲೇ 45 ರಿಯಾಲ್‌ನಷ್ಟು ಕಳೆದುಕೊಂಡಿದ್ದರು. ಇನ್ನೊಂದು ಗ್ಯಾರೇಜಿನವರು ಹಳೆಯ ಆಕ್ಸಲ್ ಕೂರಿಸಲು 280 ರಿಯಾಲ್, ಎಂದರೆ ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 60,000 ರೂಪಾಯಿ, ಕೇಳಿದ್ದರು.

ನಾನು ಮೊದಲು ಮಾಡುವುದು ಜಾಕ್ ಪರೀಕ್ಷೆ. ಲಿವರನ್ನು 2ಎಚ್‌ನಲ್ಲಿಟ್ಟು (ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಸ್ಥಾನ), ಮುಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ, ಆ ಕ್ಲಚ್ಚನ್ನು ವ್ಯಾಕ್ಯೂಮಿನ (ಗಾಳಿಯ ಎಳೆತದ) ಬಲದಿಂದ ಸರಿಸುವ ಆಕ್ಚುಯೇಟರಿನ ಎರಡೂ ಹೋಸ್‌ಗಳನ್ನು ಕಳಚಿ, ಕೂಡಿಸುವ ಕಡೆಯ ಬಾಯಿಗೆ ವ್ಯಾಕ್ಯೂಮಿನ ಕೈಪಂಪು ಹಾಕುತ್ತೇನೆ. ಆಗ ಎತ್ತಿದ ಚಕ್ರವನ್ನು ತಿರುಗಿಸಿದರೆ ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೂ ತಿರುಗಬೇಕು. ತಿರುಗಿದರೆ ಕ್ಲಚ್, ಅದನ್ನು ಸರಿಸುವ ಫೋರ್ಕ್, ಆಕ್ಚುಯೇಟರಿನೊಳಗಿನ ರಬ್ಬರ್ ಪರದೆಯಾದ ಡಯಾಫ್ರಮ್ ಎಲ್ಲವೂ ಸರಿಯಾಗಿವೆ ಎಂದೇ ಅರ್ಥ. ಈ ಗಾಡಿಯಲ್ಲಿ ಹತ್ತು ಇಂಚಿನ (ಗೇಜಿನಲ್ಲಿ ಪಾದರಸದ ಇಂಚಿನ ಲೆಕ್ಕ) ವ್ಯಾಕ್ಯೂಮಿಗೇ ಕ್ಲಚ್ ಕೂಡಿತು. ಅಷ್ಟಕ್ಕೆ 280 ರಿಯಾಲ್‌ನ ಮಾತು ಮುಗಿಯಿತು.

ಆದರೂ ಹೋಸ್‌ಗಳನ್ನು ಮತ್ತೆ ಹಾಕಿ ಇಂಜಿನ್ ಶುರು ಮಾಡಿ 4ಎಚ್‌ಗೆ ತಂದರೆ ದೀಪ ಮತ್ತೆ ಮಿನುಗುತ್ತಿತ್ತು. ಪಕ್ಕದ ಗ್ಯಾರೇಜಿನ ಹಿರಿಯರು ಬಂದು ಹೋಸಿಗೆ ಬೆರಳಿಟ್ಟು ನೋಡಿ, ವ್ಯಾಕ್ಯೂಮ್ ಚೆನ್ನಾಗಿಯೇ ಬರುತ್ತಿದೆ, ಆಕ್ಸಲೇ ಹೋಗಿದೆ ಎಂದು ತೀರ್ಪು ಕೊಟ್ಟರು. ಟೀ ಜಾಯಿಂಟಿನ ಮೂಲಕ ಗೇಜ್ ಹಾಕಿದಾಗ ಎಳೆಯುವ ಕಡೆ 17 ಇಂಚು ಇದ್ದದ್ದು ನಿಜ. ಆದರೆ ಕೈಪಂಪಿನಿಂದ ಕೂಡಿದ್ದಾಗ ಎದುರು ಬಾಯಿ ಗಾಳಿಗೆ ತೆರೆದಿತ್ತು ಎಂಬುದು ನನ್ನ ತಲೆಯಲ್ಲಿತ್ತು. ಎದುರು ಹೋಸಿಗೂ ಗೇಜ್ ಹಾಕಿದೆ. ಸೊನ್ನೆ ತೋರಿಸಬೇಕಾದಲ್ಲಿ 12 ತೋರಿಸಿತು. ಎರಡೂ ಕಡೆಯಿಂದ ಎಳೆತವಿದ್ದ ಮೇಲೆ ಡಯಾಫ್ರಮ್ ಸರಿಯುವುದಾದರೂ ಹೇಗೆ? ಆ ಹೋಸನ್ನು ಕಿತ್ತು, ಎತ್ತಿದ ಚಕ್ರವನ್ನು ಕೊಂಚ ಅಲ್ಲಾಡಿಸಿದ್ದೇ ತಡ, ಟಕ್ ಎಂದು ಕ್ಲಚ್ ಕೂಡಿ ದೀಪ ಸ್ಥಿರವಾಯಿತು. ಹಿರಿಯರು ಇನ್ನೊಮ್ಮೆ ಮಾಡಿಸಿ ನೋಡಿದರು, ಮಾತಾಡಲಿಲ್ಲ.

ದೋಷವಿದ್ದದ್ದು, ಯಾವ ಹೋಸಿಗೆ ವ್ಯಾಕ್ಯೂಮ್, ಯಾವುದಕ್ಕೆ ಗಾಳಿ ಎಂದು ಬದಲಿಸುವ ವಿದ್ಯುತ್ ವಾಲ್ವಾದ ಸೊಲೆನಾಯ್ಡ್‌ನ ಗಾಳಿ ಒಳಬರುವ ಬಾಯಿಯಲ್ಲಿ. ಅಲ್ಲಿರುವ ಚಿಕ್ಕ ಸ್ಪಂಜಿನ ಫಿಲ್ಟರಿನಲ್ಲಿ ಕಚ್ಚಾ ರಸ್ತೆಯ ನುಣ್ಣನೆಯ ಧೂಳೂ ಎಣ್ಣೆಯ ಜಿಡ್ಡೂ ಸೇರಿ ಗಾಳಿಯಾಡದಂತಾಗಿತ್ತು. ಕಾಯಿಲ್ 40 ಓಮ್‌ನ ಆಸುಪಾಸು ತೋರಿಸುತ್ತಿತ್ತು, ಕರೆಂಟೂ ಸರಿಯಾಗಿತ್ತು. ಹಾಗಾಗಿಯೇ ಮೀಟರ್ ಹಿಡಿದು ನೋಡಿದವರೆಲ್ಲ ಅದನ್ನು ದಾಟಿ ಹೋಗಿದ್ದರು. ಗುಜರಿಯಿಂದ ಐದು ರಿಯಾಲಿಗೆ ತಂದು ಹಾಕಿದ ಸೊಲೆನಾಯ್ಡ್ ಎರಡು ವಾರ ನಡೆದು ಅದೇ ಗತಿ ಕಂಡಿತು, ಏಕೆಂದರೆ ಅದೂ ಇದೇ ಧೂಳು ತಿಂದು ಬಂದದ್ದೇ. ಕಂಪ್ರೆಸರಿನ ಗಾಳಿ ಹೊಡೆದರೆ ಧೂಳು ಒಳಗಿನ ವಾಲ್ವಿನ ಸೀಟಿಗೆ ಹೋಗಿ ಕೂರುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜು ಪುಡಿಯಾಗುತ್ತದೆ. ಸೀಟನ್ನು ಕೆಡಿಸದೆ ಸ್ವಚ್ಛಗೊಳಿಸಲು ನಾನು ಬಳಸುವ ದ್ರವವನ್ನು ನಾನೇ ಬೆರೆಸಿಕೊಳ್ಳುತ್ತೇನೆ. ಅದು ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ಇಲ್ಲಿ ಹೇಳುವುದಿಲ್ಲ.

ಸ್ವಚ್ಛಗೊಳಿಸಿದ ಮೇಲೆ ಧೂಳು ಮತ್ತೆ ಬರದಂತೆ ಮಾಡುವುದೇ ಮುಖ್ಯವಾದ ಕೆಲಸ. ಫಿಲ್ಟರಿನ ಟೋಪಿಯನ್ನು ತೆಗೆದು, ಕೆಳಗಿನ ಬಾಯಿಗೆ ಒಂದೂವರೆ ಅಡಿಯಷ್ಟು ರಬ್ಬರ್ ಹೋಸ್ ಸಿಕ್ಕಿಸಿ, ಅದನ್ನು ಫೈರ್‌ವಾಲಿನ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ) ಮೇಲಂಚಿಗೆ ಒಯ್ದು, ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರನ್ನು ಬಾಯಿ ಕೆಳಗಾಗಿ ಕಟ್ಟಿದೆ. ನೀಲಿ ಸಿಲಿಕೋನ್ ಹೋಸ್ ಚಂದ ಕಾಣುತ್ತದೆಂದು ವ್ಯಾಕ್ಯೂಮಿನ ಕಡೆಗೂ ಅದನ್ನೇ ಹಾಕಿ ನೋಡಿದೆ. ತೆಳುವಾದದ್ದಾಗಿದ್ದರಿಂದ ಇಂಜಿನ್ ಬಿಸಿಯಾದಾಗ ತಿರುವಿನಲ್ಲಿ ಒಳಕ್ಕೆ ಚಪ್ಪಟೆಯಾಯಿತು. ಅಲ್ಲಿಗೆ ದಪ್ಪ ಗೋಡೆಯ ವ್ಯಾಕ್ಯೂಮ್ ಹೋಸೇ ಬೇಕು.

ಒಂದು ಅನುಮಾನ ಉಳಿದಿತ್ತು. ಏರಿನಲ್ಲಿ ಪೂರ್ತಿ ಎಕ್ಸಲೇಟರ್ ಒತ್ತಿದಾಗ, ಈ ವ್ಯಾಕ್ಯೂಮಿನ ಮೂಲವಾದ ಇಂಜಿನ್ನಿನ ಮ್ಯಾನಿಫೋಲ್ಡಿನ (ಗಾಳಿ ಒಳಹೋಗುವ ಕೊಳವೆಯ) ವ್ಯಾಕ್ಯೂಮ್ ಬಿದ್ದು ಕ್ಲಚ್ ಬಿಟ್ಟುಕೊಳ್ಳಬಹುದೇ ಎಂದು ತಿಳಿಯಲು, ಗೇಜನ್ನು ಕ್ಯಾಬಿನ್ನಿನೊಳಕ್ಕೆ ಎಳೆದುಕೊಂಡು ಸುಮಾರು 2,000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯವರೆಗೆ ಮಾಲೀಕರೊಡನೆ ಹೋದೆ. ಏರಿನಲ್ಲಿ ಮ್ಯಾನಿಫೋಲ್ಡಿನದು ಮೂರು ನಾಲ್ಕು ಇಂಚಿಗೆ ಇಳಿದರೂ, ಒನ್‌ವೇ ವಾಲ್ವಿನ ದಯೆಯಿಂದ, ವ್ಯಾಕ್ಯೂಮ್ ಕೂಡಿಟ್ಟುಕೊಳ್ಳುವ ಟ್ಯಾಂಕಿನದು ಹದಿನೈದರ ಸುತ್ತಲೇ ನಿಂತಿತು. ಮೇಲೆ ಐಡಲ್‌ನಲ್ಲಿ ನಿಜ್ವಾಕ್ಕಿಂತ ನಾಲ್ಕು ಇಂಚಿನಷ್ಟು ಕಡಿಮೆ ಬಂತು. ಹತ್ತಕ್ಕೇ ಕೂಡುವ ಕ್ಲಚ್ಚಿಗೆ ಅಷ್ಟು ಧಾರಾಳವಾಗಿ ಸಾಕು. ಅದೇ ಪ್ರಯಾಣದಲ್ಲಿ ಕಂಡುಕೊಂಡದ್ದೇನೆಂದರೆ, ಸೊಲೆನಾಯ್ಡ್ ದಾರಿಯಲ್ಲಿ ಕೈಕೊಟ್ಟರೂ ಕೈಪಂಪಿನಿಂದ ಆಕ್ಚುಯೇಟರನ್ನು ಎಳೆದು, ಹೋಸನ್ನು ಕ್ಲಿಪ್‌ನಿಂದ ಬಿಗಿದು, ಮನೆ ಸೇರುವವರೆಗೆ ಫೋರ್ ವೀಲ್ ಉಳಿಸಿಕೊಳ್ಳಬಹುದು. ಟಾರ್ ರಸ್ತೆಗೆ ಬಂದೊಡನೆ ಲಿವರನ್ನು 2ಎಚ್‌ಗೆ ತರಬೇಕು, ಅಷ್ಟೆ.

ಬಿಲ್ಲು 25 ರಿಯಾಲ್ ಮಾಡಿದೆ. ಸಾಮಾನಿಗೆ ಮೂರು ರಿಯಾಲೂ ಆಗಿರಲಿಲ್ಲ, ಉಳಿದದ್ದು ಕೈಕೆಲಸದ ಬೆಲೆ. ಗಾಡಿ ಆಮೇಲೆ ಎರಡು ದಾಳಿಂಬೆ ಕೊಯ್ಲುಗಳನ್ನು ಕಂಡಿದೆ, ದೀಪ ಒಮ್ಮೆಯೂ ಮಿನುಗಿಲ್ಲ. ಊರಿನಲ್ಲಿ ಲಿವರ್ ಇರುವ ಹಳೆಯ ಪಜೇರೊ ಸ್ಪೋರ್ಟ್ ಕೆಲಸ ಮಾಡುವವರು ಕೂಡ ದೀಪ ಮಿನುಗಿದರೆ ಎರಡೂ ಹೋಸಿಗೆ ಗೇಜ್ ಹಾಕಿ ನೋಡಲಿ. ಒಂದರಲ್ಲಿ ಪೂರ್ತಿ ವ್ಯಾಕ್ಯೂಮ್, ಇನ್ನೊಂದರಲ್ಲಿ ಸೊನ್ನೆ ಇದ್ದೂ ಕ್ಲಚ್ ಕೂಡದಿದ್ದರೆ ಮಾತ್ರ ಆಕ್ಸಲಿಗೆ ಸ್ಪ್ಯಾನರ್ ಹಾಕಿ.