ಸೈಟು ಮಾರುವ ಮೊದಲು ಕಾಲೇಜನ್ನೇ ಕೇಳಿ

ನನ್ನ ಎಂ.ಎಸ್. ಓದಿಗೆಂದು ಅಪ್ಪ ಮಂಡ್ಯದ ಬ್ಯಾಂಕೊಂದರಲ್ಲಿ ಪಹಣಿ ಇಟ್ಟು ಸಹಿ ಹಾಕಿದ ದಿನ ನಾನೂ ಪಕ್ಕದಲ್ಲೇ ನಿಂತಿದ್ದೆ. ನಾಲೆ ಕೆಳಗಿನ ಎರಡು ಎಕರೆ ಕಬ್ಬಿನ ಗದ್ದೆ. ಸಾಲ ತೀರುವಷ್ಟರಲ್ಲಿ ಏಳು ವರ್ಷ ಕಳೆಯಿತು. ಅಮೆರಿಕಕ್ಕೆ ಬಂದ ಮೇಲೆ ಗೊತ್ತಾಯಿತು, ನನ್ನ ಜೊತೆಯವನೊಬ್ಬನಿಗೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್ (ಪ್ರೊಫೆಸರಿಗೆ ಪಾಠದಲ್ಲಿ ನೆರವಾಗುವ ಕೆಲಸ) ಸಿಕ್ಕಿ ಫೀಸೇ ಮಾಫಿಯಾಗಿತ್ತು ಎಂದು. ಅವನು ಬರುವ ಮೊದಲೇ ಪ್ರೊಫೆಸರುಗಳಿಗೆ ಬರೆದು ಕೇಳಿದ್ದ. ನಾನು ಕೇಳಿರಲಿಲ್ಲ, ಅಷ್ಟೇ.

ಈಗ ಮಕ್ಕಳ ಸರದಿ. ಮೈಸೂರಿನಿಂದ ಅಮೆರಿಕಕ್ಕೆ ಬಂದು ನೆಲೆಸಿದ ದಂಪತಿ ಮೊನ್ನೆ ಮನೆಗೆ ಬಂದು, "ಅಣ್ಣ, ಮಗಳ ಕಾಲೇಜಿಗೆ ವಿಜಯನಗರದ ಸೈಟು ಮಾರಿಬಿಡೋಣ ಅಂತಿದೀವಿ" ಅಂದರು. ತಡೀರಿ ಅಂದೆ. ಕಾಲೇಜು ಪ್ರಕಟಿಸುವ ಫೀಸನ್ನು ಎಲ್ಲರೂ ಪೂರ್ತಿ ಕಟ್ಟುವುದಿಲ್ಲ. 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡಲೇಬೇಕು. ನಿಮ್ಮ ಆದಾಯ ಹಾಕಿದರೆ ಕೈಯಿಂದ ಸುಮಾರು ಎಷ್ಟು ಬಿಡಬೇಕೆಂದು ತೋರಿಸುತ್ತದೆ. ಮೊದಲು ಅದನ್ನು ನೋಡಿ.

ಮಗು ಇಲ್ಲೇ ಹುಟ್ಟಿದ್ದರೆ, ಅಥವಾ ಗ್ರೀನ್ ಕಾರ್ಡ್ ಇದ್ದರೆ, ಅಮೆರಿಕ ಸರ್ಕಾರದ ಓದಿನ ನೆರವಿಗೆ ಹಾಕುವ ಫಾಫ್ಸಾ (FAFSA) ಅರ್ಜಿ ತುಂಬಲೇಬೇಕು. ನೀವಿನ್ನೂ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರೂ ಮಗುವಿನ ಹಕ್ಕಿಗೆ ಅದು ಅಡ್ಡಿಯಲ್ಲ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಒಂದು ಪೈಸೆ ಖರ್ಚಿಲ್ಲ. ತುಂಬಿಕೊಡುತ್ತೇವೆ, ದುಡ್ಡು ಕೊಡಿ ಎನ್ನುವವರ ಹತ್ತಿರ ಹೋಗಬೇಡಿ. ಅದು ಕೇಳುವುದು ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ: 2026ರಲ್ಲಿ ಸೇರುವ ಮಗುವಿಗೆ 2024ರದ್ದು. ಊರಿನಲ್ಲಿ ನಿಮ್ಮ ಹೆಸರಿಗೆ ಸೈಟಿದ್ದರೆ ಆಸ್ತಿಯೆಂದು ತೋರಿಸಬೇಕು, ಮುಚ್ಚಿಡಬೇಡಿ. ಅಪ್ಪನ ಹೆಸರಿನಲ್ಲೇ ಇರುವ ಗದ್ದೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಪೆಲ್ ಗ್ರಾಂಟ್ ಇದೆ. 2025-26ಕ್ಕೆ ಗರಿಷ್ಠ 7,395 ಡಾಲರ್, ವಾಪಸು ಕೊಡುವಂತಿಲ್ಲ.

ಎಚ್-4ರಲ್ಲಿರುವ, ಅಂದರೆ ಎಚ್-1ಬಿಯವರ ಮನೆಯವರಿಗೆ ಕೊಡುವ ವೀಸಾದಲ್ಲಿರುವ ಮಕ್ಕಳಿಗೆ ಈ ಸರ್ಕಾರಿ ದುಡ್ಡು ಸಿಗುವುದಿಲ್ಲ. ಹಾಗೆಂದು ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ಹಲವು ಖಾಸಗಿ ಕಾಲೇಜುಗಳು ಸ್ವಂತ ನಿಧಿಯಿಂದ ಕೊಡುತ್ತವೆ, ಅದಕ್ಕೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಬೇರೆ ಅರ್ಜಿ ಕೇಳುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳು ಹೊರದೇಶದ ಮಕ್ಕಳನ್ನೂ ಎಷ್ಟು ದುಡ್ಡಿನ ನೆರವು ಬೇಕೆಂದು ನೋಡದೆ ಆರಿಸುತ್ತವೆ. ಸೀಟು ಸಿಗುವುದು ಬಲು ಕಷ್ಟ, ಆದರೆ ಫೀಸಿಗೆ ಹೆದರಿ ಅರ್ಜಿಯನ್ನೇ ಹಾಕದಿರುವುದು ತಪ್ಪು.

ಅಜ್ಜನ ಕಾಲದಲ್ಲಿ ಮೈಸೂರಿಗೆ ಓದಲು ಹೋದ ಬಡ ಹುಡುಗರು ವಾರಾನ್ನದಲ್ಲಿ ಬದುಕಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೈಸ್ಕೂಲ್ ಕೌನ್ಸೆಲರ್ ಹತ್ತಿರ ಸಿಗುವ, ನೀವಿರುವ ಊರಿನ ಸಣ್ಣ ಸಣ್ಣ ಸ್ಕಾಲರ್‌ಶಿಪ್‌ಗಳನ್ನೂ ಹಾಗೆಯೇ ಕೂಡಿಸಿ. 500 ಡಾಲರ್ ಎಂದು ತಾತ್ಸಾರ ಬೇಡ. ಆದರೆ ಹೊರಗಿನ ದುಡ್ಡು ಬಂದರೆ ತನ್ನ ಗ್ರಾಂಟನ್ನೇ ಕಡಿಮೆ ಮಾಡುವ ಕಾಲೇಜುಗಳೂ ಇವೆ. "ಮೊದಲು ಸಾಲದ ಭಾಗ ಇಳಿಸಿ" ಎಂದು ಕೇಳಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಜನ ಏಮಾರುವುದು ಕಾಲೇಜಿನ ಅವಾರ್ಡ್ ಲೆಟರ್, ಅಂದರೆ ಏನೇನು ನೆರವು ಸಿಗುತ್ತದೆಂದು ತಿಳಿಸುವ ಪತ್ರ, ಬಂದಾಗ. ಒಟ್ಟು ಮೊತ್ತ ನೋಡಿ ಸಿಹಿ ಹಂಚುತ್ತಾರೆ. ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದಿ: ಗ್ರಾಂಟ್, ಸ್ಕಾಲರ್‌ಶಿಪ್ ಎಂದಿದ್ದರೆ ದುಂಡಗೆ ಸುತ್ತು ಹಾಕಿ; ಲೋನ್ ಎಂದಿದ್ದರೆ ಅಡ್ಡಗೆರೆ ಎಳೆಯಿರಿ. ಅಪ್ಪ-ಅಮ್ಮನ ಆಸರೆಯ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್‌ವರೆಗಿನ ಸರ್ಕಾರಿ ಸಾಲ ಅದೇ ಪಟ್ಟಿಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ವರ್ಕ್-ಸ್ಟಡಿ ದುಡ್ಡು ಮಗು ಕೆಲಸ ಮಾಡಿದರಷ್ಟೇ ಬರುತ್ತದೆ. ಆ ಮೈಸೂರಿನವರ ಮಗಳ ಪತ್ರದಲ್ಲಿ ಗೆರೆ ಎಳೆದು ಮುಗಿಸುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಸಾಲವೇ ಇತ್ತು.

ಅಷ್ಟಕ್ಕೆ ಸುಮ್ಮನಾಗಬೇಡಿ. ಅರ್ಜಿಯಲ್ಲಿ ತೆರಿಗೆ ಲೆಕ್ಕ ಕೊಟ್ಟ ವರ್ಷದ ನಂತರ ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಕಾಗದಪತ್ರ ಸಮೇತ ಫೈನಾನ್ಶಿಯಲ್ ಏಡ್ ಆಫೀಸಿಗೆ ಬರೆದು ಮರುಪರಿಶೀಲನೆ ಕೇಳಬಹುದು. ಅವಳ ತಂದೆಗೆ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಪತ್ರವನ್ನು ನಮ್ಮನೆಯ ಊಟದ ಮೇಜಿನ ಮೇಲೆಯೇ ಬರೆದೆವು. ಉತ್ತರ ಬರುವವರೆಗೆ ಸೈಟಿನ ಮಾತು ಎತ್ತಬೇಡಿ ಎಂದು ಹೇಳಿ ಕಳಿಸಿದ್ದೇನೆ.